ಎಫ್1 ಒತ್ತಿ ಮುಂದೆ ಹೋದ ತಪ್ಪು

ನಾಲ್ಕು ದಿನದ ರಜೆ ಮುಗಿದು ಕಚೇರಿ ತೆರೆದ ಬೆಳಗ್ಗೆ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು. "ಸಿಸ್ಟಮ್ ಆನ್ ಆಗುತ್ತಿಲ್ಲ, ಸ್ವಲ್ಪ ಬಂದು ನೋಡಿ." ಹತ್ತು ವರ್ಷ ದಾಟಿದ ಡೆಸ್ಕ್‌ಟಾಪ್, ಒಳಗೆ ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿದಾಗಲೇ ನಾವು ಈ ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿದ್ದೆವು. ಹಳೆಯ ವರ್ಷಗಳ ಲೆಕ್ಕ ತೆರೆಯುವ ತಂತ್ರಾಂಶ ಅದೊಂದರಲ್ಲೇ ಇದ್ದುದರಿಂದ ಮೂಲೆಗೆ ಹಾಕುವಂತಿರಲಿಲ್ಲ.

ಹೋಗಿ ಬಟನ್ ಒತ್ತಿದೆ. ಕಪ್ಪು ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ ಬಂದು, ಮುಂದುವರಿಯಲು ಎಫ್1 ಒತ್ತಿ ಎಂದಿತು. ಒತ್ತಿದೆ. ವಿಂಡೋಸ್ ಲಾಂಛನ ಮೂಡುವಷ್ಟರಲ್ಲಿ ನೀಲಿ ಪರದೆ ಮಿಂಚಿ ಮಾಯವಾಗಿ, ಯಂತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಲಾಂಛನ, ಮತ್ತೆ ನೀಲಿ. ಆ ಮೇಜಿನ ಹಿರಿಯರು ಪಕ್ಕದಲ್ಲೇ ನಿಂತಿದ್ದರು. "ನೋಡಿ, ರಜೆಗೆ ಮೊದಲೇ ಇದರ ಗಡಿಯಾರ ಹಿಂದೆ ಬೀಳುತ್ತಿತ್ತು. ದಿನಾ ಬೆಳಗ್ಗೆ ನಾನೇ ಸರಿ ಮಾಡಿಕೊಳ್ಳುತ್ತಿದ್ದೆ" ಎಂದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಸರ್ ಎಂದುಬಿಟ್ಟೆ. ಈ ಕೆಲಸದಲ್ಲಿ ನಾನು ಆಡಿದ ಮಾತುಗಳಲ್ಲಿ ವಾಪಸ್ ತೆಗೆದುಕೊಳ್ಳಬೇಕು ಎನಿಸುವುದು ಇದೊಂದೇ ಅಲ್ಲ, ಆದರೆ ಇದರಷ್ಟು ಬೇಗ ಪೆಟ್ಟು ಕೊಟ್ಟದ್ದು ಬೇರೊಂದಿಲ್ಲ.

ಆ ದಿನವಿಡೀ ಏನೇನು ಮಾಡಿದೆ ಎಂದು ಹೇಳಿದರೆ ನಗು ಬರಬಹುದು. ಎಫ್8 ಒತ್ತಿ, ತೀರಾ ಅಗತ್ಯದ ಭಾಗಗಳಿಂದಷ್ಟೇ ವಿಂಡೋಸ್ ಶುರುವಾಗುವ ಸೇಫ್ ಮೋಡ್‌ಗೆ ಹೋಗಲು ನೋಡಿದೆ, ಅಲ್ಲಿಯೂ ನೀಲಿ. ಅದೇ ಪಟ್ಟಿಯಲ್ಲಿ, ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುವ ಆಯ್ಕೆ ಇದೆ. ಅದನ್ನು ಹಾಕಿದ ಮೇಲೆ ನೀಲಿ ಪರದೆ ನಿಂತಿತು, ಕೋಡ್ ಓದಲು ಸಿಕ್ಕಿತು: ಕೊನೆಯಲ್ಲಿ 7ಬಿ. ವಿಂಡೋಸ್‌ಗೆ ತಾನು ಕುಳಿತಿರುವ ಡಿಸ್ಕನ್ನೇ ತಲುಪಲಾಗುತ್ತಿಲ್ಲ ಎಂದು ಅದರ ಅರ್ಥ. ಹಾಗಾದರೆ ಹಾರ್ಡ್ ಡಿಸ್ಕ್ ಹೋಗಿದೆ ಎಂದುಕೊಂಡೆ. ವಿಂಡೋಸ್ ಡಿವಿಡಿಯಿಂದ ಯಂತ್ರವನ್ನು ಬೂಟ್ ಮಾಡಿ, ಅಂದರೆ ಶುರು ಮಾಡಿ, ನೋಡಿದರೆ ಡಿಸ್ಕ್ ಕಾಣುತ್ತಿದೆ, ಕಡತಗಳ ಪಟ್ಟಿ ಪೂರ್ತಿ ಬರುತ್ತಿದೆ! ಸ್ಟಾರ್ಟಪ್ ರಿಪೇರ್ ಓಡಿಸಿದೆ. ಸರಿಪಡಿಸಲಾಗಲಿಲ್ಲ ಎಂದಿತು. ಬೂಟ್‌ರೆಕ್ ಆದೇಶದಿಂದ ಬೂಟ್ ದಾಖಲೆಗಳನ್ನು ಒಂದೊಂದಾಗಿ ಹೊಸದಾಗಿ ಬರೆಸಿದೆ. ಡಿಸ್ಕ್ ಜೋಡಿಸುವ ಸಾಟಾ ಕೇಬಲ್ ಬದಲಿಸಿದೆ, ಬೇರೆ ಪೋರ್ಟ್‌ಗೆ ಸಿಕ್ಕಿಸಿದೆ. ರ‍್ಯಾಮ್ ಎಂಬ ಮೆಮೊರಿ ಪಟ್ಟಿಗಳನ್ನು ತೆಗೆದು ಮತ್ತೆ ಹಾಕಿದೆ. ಏಕೆ ಎಂದು ಆಗ ಕೇಳಿದ್ದರೂ ಉತ್ತರ ಇರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ಅಷ್ಟೇ.

ಪ್ಲಗ್ ಕಿತ್ತು ಹಾಕಿದಾಗಲೆಲ್ಲ ಆ ಕಪ್ಪು ಪರದೆಯ ಎರಡು ಸಾಲು ಬರುತ್ತಲೇ ಇತ್ತು. ಹತ್ತಾರು ಸಲವಾದರೂ ಎಫ್1 ಒತ್ತಿರಬೇಕು. ಒಂದು ಸಲವೂ ಓದಲಿಲ್ಲ.

ಸಂಜೆ ಹೊತ್ತಿಗೆ ನನ್ನ ತೀರ್ಪು ಸಿದ್ಧವಾಗಿತ್ತು: ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು. ಬೆಳಗ್ಗೆ ಬಂದ ತಕ್ಷಣ ಶುರು ಮಾಡಲು ಅನುಕೂಲವಾಗಲಿ ಎಂದು, ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶದ ಸೆಟಪ್‌ಗೆ ಹೋಗಿ ಡಿವಿಡಿ ಡ್ರೈವನ್ನು ಬೂಟ್ ಕ್ರಮದಲ್ಲಿ ಮೊದಲಿಗೆ ತಂದು, ಸೇವ್ ಮಾಡಿ ಮನೆಗೆ ಹೋದೆ. ರಾತ್ರಿ ಎಂದಿನಂತೆ ಆ ಕೋಣೆಯ ಮುಖ್ಯ ಸ್ವಿಚ್ ಆರಿಸಿದರು.

ಮರುದಿನ ಯಂತ್ರ ಡಿವಿಡಿಯನ್ನು ಮೂಸಿಯೂ ನೋಡದೆ ನೇರವಾಗಿ ನೀಲಿ ಪರದೆಗೆ ಹೋಯಿತು. ಸೆಟಪ್ ತೆರೆದೆ. ನಾನೇ ಸೇವ್ ಮಾಡಿದ್ದ ಬೂಟ್ ಕ್ರಮ ಅಳಿಸಿಹೋಗಿತ್ತು. ಪರದೆಯ ಮೇಲ್ಭಾಗದಲ್ಲಿ ದಿನಾಂಕ: 2009ರ ಜನವರಿ 1. ಹಿಂದಿನ ಸಂಜೆ ನಾನು ಇದೇ ಪರದೆಯಲ್ಲಿದ್ದೆ, ಆಗಲೂ ಅದು ತಪ್ಪಾಗಿಯೇ ಇದ್ದಿರಬೇಕು. ಬೂಟ್ ಕ್ರಮ ಹುಡುಕುತ್ತಿದ್ದ ಕಣ್ಣಿಗೆ ದಿನಾಂಕ ಕಾಣುವುದಿಲ್ಲ. ಹೊರಬಂದು, ಯಂತ್ರ ಮರಳಿ ಶುರುವಾಗುವಾಗ ಆ ಎರಡು ಸಾಲನ್ನು ಮೊದಲ ಸಲ ಓದಿದೆ. ಸಿಮೋಸ್ ಚೆಕ್‌ಸಮ್, ಅಂದರೆ ಉಳಿಸಿಟ್ಟ ಸೆಟ್ಟಿಂಗ್‌ಗಳ ತಾಳೆ, ತಪ್ಪಾಗಿದೆ, ಮೂಲ ಸೆಟ್ಟಿಂಗ್‌ಗಳನ್ನು ಹಾಕಲಾಗಿದೆ ಎಂದು ಅದು ನಿನ್ನೆಯಿಂದ ಹೇಳುತ್ತಲೇ ಇತ್ತು.

ಮದರ್‌ಬೋರ್ಡ್ ಮೇಲೆ ಒಂದು ನಾಣ್ಯದಾಕಾರದ ಸೆಲ್ ಇರುತ್ತದೆ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿನದು. ವಿದ್ಯುತ್ ಇಲ್ಲದಾಗ ಗಡಿಯಾರ ಓಡಿಸುವುದು ಅದರ ಕೆಲಸ. ಆ ಕಾಲದ ಬೋರ್ಡ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳು ಉಳಿಯುವುದೂ ಅದರ ಬಲದಿಂದಲೇ. ಪ್ಲಗ್ ಹಾಕಿ ಗೋಡೆಯ ಸ್ವಿಚ್ ಆನ್ ಇಟ್ಟಿದ್ದರೆ, ಯಂತ್ರ ಆಫ್ ಆಗಿದ್ದರೂ ವಿದ್ಯುತ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಬರುತ್ತಿರುತ್ತದೆ, ಸೆಲ್‌ಗೆ ಹೆಚ್ಚು ಕೆಲಸವಿಲ್ಲ. ಮುಖ್ಯ ಸ್ವಿಚ್ ಆರಿಸಿದ ಮೇಲೆ ಭಾರವೆಲ್ಲ ಸೆಲ್ ಮೇಲೆ. ದುರ್ಬಲವಾದ ಸೆಲ್ ಒಂದೊಂದು ರಾತ್ರಿ ಹೇಗೋ ಎಳೆದುಕೊಂಡು ಹೋಗುತ್ತಿತ್ತು, ಗಡಿಯಾರ ಮಾತ್ರ ಸೋಲುತ್ತಿತ್ತು. ಹಿರಿಯರು ಕಂಡದ್ದು ಅದನ್ನೇ. ನಾಲ್ಕು ದಿನದ ರಜೆಯಲ್ಲಿ ಅದು ಪೂರ್ತಿ ಕೈಚೆಲ್ಲಿತು. ಹೊರತೆಗೆದು ಮಲ್ಟಿಮೀಟರ್ ಇಟ್ಟರೆ ಒಂದೂವರೆ ವೋಲ್ಟ್ ಕೂಡ ಇರಲಿಲ್ಲ.

ಗಡಿಯಾರ ತಪ್ಪಿದರೆ ವಿಂಡೋಸ್ ಏಕೆ ನಿಲ್ಲಬೇಕು? ನಿಲ್ಲುವುದಿಲ್ಲ. ನಿಲ್ಲಿಸಿದ್ದು ಇನ್ನೊಂದು ಸೆಟ್ಟಿಂಗ್. ಆ ಬೋರ್ಡ್‌ನಲ್ಲಿ ಸಾಟಾ ಡಿಸ್ಕ್ ಜೊತೆ ಮಾತನಾಡಲು ಎರಡು ಬಗೆ ಇವೆ, ಹಳೆಯ ಐಡಿಇ ಮತ್ತು ಹೊಸ ಎಎಚ್‌ಸಿಐ. ಯಂತ್ರ ಜೋಡಿಸಿದವರು ಎಎಚ್‌ಸಿಐ ಇಟ್ಟು ವಿಂಡೋಸ್ ಹಾಕಿದ್ದರು. ಬೋರ್ಡ್‌ನ ಮೂಲ ಸೆಟ್ಟಿಂಗ್ ಐಡಿಇ. ವಿಂಡೋಸ್ 7 ಸ್ಥಾಪನೆಯಾಗುವಾಗ ಬೂಟ್‌ಗೆ ಬೇಕಿಲ್ಲದ ಡಿಸ್ಕ್ ಡ್ರೈವರ್‌ಗಳನ್ನು, ಅಂದರೆ ಡಿಸ್ಕ್ ಜೊತೆ ಮಾತನಾಡುವ ತಂತ್ರಾಂಶದ ತುಣುಕುಗಳನ್ನು, ಮುಚ್ಚಿಡುತ್ತದೆ. ಸೆಲ್ ಸತ್ತು ಬೋರ್ಡ್ ಐಡಿಇಗೆ ಮರಳಿದಾಗ ವಿಂಡೋಸ್ ಬಳಿ ಆ ಬಾಗಿಲಿನ ಕೀಲಿ ಇರಲಿಲ್ಲ. ಸೇಫ್ ಮೋಡ್‌ಗೂ ಇರಲಿಲ್ಲ. ಡಿವಿಡಿಯ ಬಳಿ ಎರಡೂ ಕೀಲಿ ಇದ್ದುದರಿಂದ ಅದಕ್ಕೆ ಎಲ್ಲವೂ ಸರಿಯಾಗಿ ಕಂಡಿತು. ಹಿಂದಿನ ದಿನ ನನ್ನನ್ನು ದಾರಿ ತಪ್ಪಿಸಿದ್ದ ಪ್ರತಿಯೊಂದು ಲಕ್ಷಣವೂ ಈಗ ಒಂದೇ ದಾರದಲ್ಲಿ ಪೋಣಿಸಿದಂತೆ ಕೂಡಿಕೊಂಡಿತು.

ಹೊಸ ಸೆಲ್ ಹಾಕಿದೆ, ದಿನಾಂಕ ಸರಿಪಡಿಸಿದೆ, ಸಾಟಾ ಮೋಡ್ ಎಎಚ್‌ಸಿಐಗೆ ತಂದೆ. ಮೊದಲ ಯತ್ನಕ್ಕೇ ಯಂತ್ರ ಏನೂ ಆಗಿಲ್ಲವೆಂಬಂತೆ ಎದ್ದಿತು. ಹತ್ತು ನಿಮಿಷದ ಕೆಲಸ.

ನನ್ನನ್ನು ಕಾಡಿದ್ದು ವ್ಯರ್ಥವಾದ ಒಂದು ದಿನವಲ್ಲ. ಅಂದು ಫಾರ್ಮ್ಯಾಟ್ ಮಾಡಿದ್ದರೆ ಅದು ಫಲಿಸುತ್ತಿತ್ತು! ಐಡಿಇ ಮೋಡ್‌ನಲ್ಲೇ ವಿಂಡೋಸ್ ಹೊಸದಾಗಿ ಕುಳಿತು, ಚೆನ್ನಾಗಿಯೇ ಓಡುತ್ತಿತ್ತು. ವಿಂಡೋಸ್ ಕೆಟ್ಟಿತ್ತು, ಸರಿ ಮಾಡಿದೆ ಎಂದು ನಾನು ಹೇಳುತ್ತಿದ್ದೆ, ಎಲ್ಲರೂ ನಂಬುತ್ತಿದ್ದರು, ಮೊದಲು ನಾನೇ. ತಪ್ಪು ರೋಗಕ್ಕೆ ಕೊಟ್ಟ ಮದ್ದಿನಿಂದ ರೋಗಿ ಎದ್ದು ಕುಳಿತರೆ ವೈದ್ಯನಿಗೆ ತನ್ನ ತಪ್ಪು ಎಂದಿಗೂ ತಿಳಿಯುವುದಿಲ್ಲ. ಹಳೆಯ ಲೆಕ್ಕದ ತಂತ್ರಾಂಶವಂತೂ ಮತ್ತೆ ಸಿಗುತ್ತಿರಲಿಲ್ಲ. ಅದರ ಸಿಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ "ಆನ್ ಆಗುತ್ತಿಲ್ಲ" ಎಂಬ ಮಾತನ್ನು ನಾನು ದೂರು ಎಂದು ಬರೆದುಕೊಳ್ಳುವುದಿಲ್ಲ. ಜನ ಆ ಮಾತನ್ನು ಎಲ್ಲಕ್ಕೂ ಬಳಸುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂದು ಕೇಳುತ್ತೇನೆ. ಫ್ಯಾನ್ ತಿರುಗುತ್ತದೆಯೇ, ಬೀಪ್ ಬಂತೇ, ಅಕ್ಷರ ಕಂಡಿತೇ, ಲಾಂಛನ ಕಂಡಿತೇ? ಲಾಂಛನ ಕಂಡಿದ್ದರೆ ರ‍್ಯಾಮ್‌ಗೆ ಮೊದಲು ಕೈ ಹಾಕುವುದರಲ್ಲಿ ಅರ್ಥವಿಲ್ಲ. ಫ್ಯಾನ್ ತಿರುಗಿ ಡಿಸ್‌ಪ್ಲೇ ಬಾರದಿದ್ದರೆ ಆಗ ರ‍್ಯಾಮ್: ಪ್ಲಗ್ ಕಿತ್ತು, ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಮೆದು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಒಂದೊಂದನ್ನೇ ಹಾಕಿ ನೋಡುವುದು. ಹಳೆಯ ಯಂತ್ರಗಳಲ್ಲಿ ಇದು ಆಗಾಗ ಕೆಲಸ ಮಾಡುತ್ತದೆ, ಅದಕ್ಕೇ ನಮ್ಮ ಕಸುಬಿನವರು ಎಲ್ಲ ರೋಗಕ್ಕೂ ಇದನ್ನೇ ಮೊದಲು ಮಾಡುತ್ತಾರೆ. ಡಿಸ್‌ಪ್ಲೇ ಬಂದು, ಬೂಟ್ ಮಾಡಲು ಏನೂ ಸಿಗಲಿಲ್ಲ ಎಂದರೆ ಕ್ಯಾಬಿನೆಟ್ ಬಿಚ್ಚುವ ಮೊದಲು ಹಿಂದೆ ಮುಂದೆ ಪೆನ್ ಡ್ರೈವ್ ಸಿಕ್ಕಿಸಿ ಮರೆತಿದ್ದಾರೆಯೇ ನೋಡಿ. ಕ್ಯಾಬಿನೆಟ್ ಪೂರ್ತಿ ಬಿಚ್ಚಿಟ್ಟ ಮೇಲೆ ಅದನ್ನು ಕಂಡವನು ನಾನು.

ಬೆಳಗ್ಗೆ ನಾಲ್ಕೈದು ಸಲ ಬಟನ್ ಒತ್ತಿದ ಮೇಲೆ ಶುರುವಾಗುತ್ತದೆ, ಆಮೇಲೆ ಸಂಜೆಯವರೆಗೆ ಏನೂ ತೊಂದರೆಯಿಲ್ಲ ಎಂದು ಯಾರಾದರೂ ಹೇಳಿದರೆ ವಿಂಡೋಸ್ ಕಡೆ ನೋಡಲೇಬೇಡಿ. ಬಹುಪಾಲು ಅದು ಎಸ್‌ಎಂಪಿಎಸ್ ಅಥವಾ ಬೋರ್ಡ್ ಮೇಲೆ ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರ್‌ಗಳ ಸುಸ್ತು. ಸಿಪಿಯು ಸುತ್ತಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಕಥೆ ಅಲ್ಲಿಗೇ ತಿಳಿಯಿತು. 2000ರ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಕಳಪೆ ಕೆಪಾಸಿಟರ್‌ಗಳ ಈ ಪಿಡುಗು ಬಹಳ ಇತ್ತು. ಎಸ್‌ಎಂಪಿಎಸ್‌ನ ಹಳದಿ ತಂತಿಯಲ್ಲಿ 12 ವೋಲ್ಟ್ ಬರಬೇಕು, 11.4ರಿಂದ 12.6ರವರೆಗೆ ಸಹ್ಯ. ಅದಕ್ಕಿಂತ ಕೆಳಗಿಳಿದರೆ ಬದಲಿಸಿ. ಅದರ ಡಬ್ಬಿ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇನ್ನೊಂದು ಯಂತ್ರದ ವಿಷಯ ಹೇಳಲು ನನಗೆ ಇಷ್ಟವಿಲ್ಲ, ಆದರೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರ ಕಂಪ್ಯೂಟರ್ ಶುರುವಾಗಲು ಹತ್ತು ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು, ಕೇಳಿಸಿತ್ತು ಕೂಡ. ಕಡತ ವ್ಯವಸ್ಥೆ ಹದಗೆಟ್ಟಿದೆ ಎಂದು ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕನ್ನು ಕೆಟ್ಟ ಸೆಕ್ಟರ್ (ಡಿಸ್ಕ್‌ನ ಸಣ್ಣ ತುಂಡು) ಹುಡುಕುವ ಆಯ್ಕೆಯೊಂದಿಗೆ ಓಡಿಸಿ ಊಟಕ್ಕೆ ಹೋದೆ. ಆ ಆಯ್ಕೆ ಡಿಸ್ಕ್‌ನ ಮೂಲೆಮೂಲೆಯನ್ನೂ ಓದುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಅದು ಎದೆನೋವಿನವನನ್ನು ಬೆಟ್ಟ ಹತ್ತಿಸಿದ ಹಾಗೆ. ನಾನು ಬರುವಷ್ಟರಲ್ಲಿ ಡಿಸ್ಕ್ ಬಯಾಸ್‌ಗೂ ಕಾಣುತ್ತಿರಲಿಲ್ಲ. ಅವರ ಎರಡು ವರ್ಷದ ವರದಿಗಳು ಹೋದವು. ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಡಿಸ್ಕ್ ಮೇಲೆ ಅನುಮಾನ ಬಂದರೆ ದುರಸ್ತಿಯ ಮಾತು ಆಮೇಲೆ. ವಿಂಡೋಸ್‌ಗೆ ಬದಲಿ ವ್ಯವಸ್ಥೆಯಾದ ಲಿನಕ್ಸ್ ಹಾಕಿದ ಪೆನ್ ಡ್ರೈವ್‌ನಿಂದ ಯಂತ್ರವನ್ನು ಎಬ್ಬಿಸುತ್ತೇನೆ. ಅದು ಸಲೀಸಾಗಿ ಎದ್ದರೆ ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಹೆಚ್ಚುಕಡಿಮೆ ನೆಟ್ಟಗಿವೆ ಎಂದು ಅಲ್ಲಿಗೇ ತಿಳಿಯುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆ ತೆರೆದು ಎರಡು ಸಾಲು ನೋಡುತ್ತೇನೆ: ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳೆಷ್ಟು, ಓದಲಾಗದೆ ಬಾಕಿ ಉಳಿದವೆಷ್ಟು. ಬಾಕಿಯ ಸಾಲಿನಲ್ಲಿ ಸೊನ್ನೆಯ ಬದಲು ಅಂಕಿ ಕಂಡರೆ ಡಿಸ್ಕ್‌ಗೆ ಬೇರೆ ಯಾವ ಕೆಲಸವನ್ನೂ ಕೊಡದೆ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇನ್ನೊಂದು ಡಿಸ್ಕ್‌ಗೆ ಪೂರ್ತಿ ಪ್ರತಿ ತೆಗೆಯುತ್ತೇನೆ. ಓದಲು ಬರುವುದನ್ನು ಮೊದಲು ಎತ್ತಿಕೊಂಡು ಕಷ್ಟದ ಜಾಗಗಳಿಗೆ ಆಮೇಲೆ ಮರಳುವುದು ಅದರ ಜಾಣತನ. ಸ್ಮಾರ್ಟ್‌ನಲ್ಲಿ ಸಾಗಣೆಯಲ್ಲಿ ಮಾಹಿತಿ ಕೆಟ್ಟಿದ್ದನ್ನು ಎಣಿಸುವ ಸಿಆರ್‌ಸಿ ದೋಷದ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್ ಅಲ್ಲ, ಕೇಬಲ್ ಕೆಟ್ಟಿರುವ ಸಂಭವವೇ ಹೆಚ್ಚು.

ಲೆಕ್ಕಪತ್ರದ ಹಿರಿಯರಿಗೆ ಅಂದೇ ಹೋಗಿ ಹೇಳಿದೆ, ನೀವು ಹೇಳಿದ್ದೇ ಕಾರಣ ಸರ್ ಎಂದು. ಗಡಿಯಾರವೇ, ಎಂದು ನಕ್ಕರು. ಈಗಲೂ ದೀರ್ಘ ರಜೆ ಬರುವ ಮುನ್ನ ಯಂತ್ರದ ಸಮಯವನ್ನು ತಮ್ಮ ಕೈಗಡಿಯಾರಕ್ಕೆ ಹೋಲಿಸಿ, ಸರಿಯಾಗಿದೆ ಎಂದು ನನಗೆ ಫೋನ್ ಮಾಡುತ್ತಾರೆ.

ಆ ವಾರ ಕುತೂಹಲಕ್ಕೆ ನನ್ನ ದುರಸ್ತಿ ದಾಖಲೆಯ ಪುಸ್ತಕ ತೆರೆದೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಲಾಯಿತು ಎಂಬ ಸಾಲುಗಳನ್ನು ಹುಡುಕಿದರೆ ಹಿಂದಿನ ಮೂರು ವರ್ಷದಲ್ಲಿ ಹನ್ನೊಂದು ಸಿಕ್ಕವು. ಕಾರಣದ ಅಂಕಣದಲ್ಲಿ ಎಲ್ಲಕ್ಕೂ ಒಂದೇ ಉತ್ತರ, ವಿಂಡೋಸ್ ಕೆಟ್ಟಿತ್ತು. ಅವುಗಳಲ್ಲಿ ಮೂರರ ಮುಂದೆ, ನನ್ನದೇ ಅಕ್ಷರದಲ್ಲಿ, ಇನ್ನೊಂದು ಸಣ್ಣ ಸಾಲು ಇತ್ತು: ದಿನಾಂಕ ಸರಿಪಡಿಸಲಾಯಿತು.