ಖೋಪೋಲಿಯ ನೀರು

ಎತ್ತರದಿಂದ ಬರುವ ಸ್ಥಿತಿಶಕ್ತಿ, ಚಲನೆಯ ಶಕ್ತಿ, ಶಾಖ ಎಲ್ಲ ಕೂಡಿದ ಒಟ್ಟು ಶಕ್ತಿ ಎಂದರೇನೆಂದು ತಿಳಿಯಬೇಕಾದರೆ 1915ರಲ್ಲಿ ಆರಂಭವಾದ ಖೋಪೋಲಿಯ ಜಲವಿದ್ಯುತ್ ಕೇಂದ್ರಕ್ಕಿಂತ ಒಳ್ಳೆಯ ಪಾಠ ನಮ್ಮ ಮುಂಬೈ ಸುತ್ತಮುತ್ತ ಇಲ್ಲ. ಲೋಣಾವಳ ಕಡೆಯ ಜಲಾಶಯಗಳ ನೀರು ಕೊಳವೆಗಳಲ್ಲಿ ಸುಮಾರು 500 ಮೀಟರ್ ಇಳಿದು ಟರ್ಬೈನ್ ತಿರುಗಿಸುತ್ತದೆ. ಒಂದು ಘನ ಮೀಟರ್ ನೀರು ಅಷ್ಟು ಇಳಿದರೆ ಸಿಗುವುದು ಸುಮಾರು 49 ಲಕ್ಷ ಜೂಲ್. ನಷ್ಟವನ್ನು ಲೆಕ್ಕಿಸದಿದ್ದರೆ 1.36 ಯೂನಿಟ್ ವಿದ್ಯುತ್. ಅದೇ ನೀರು ಯಾವ ಯಂತ್ರವನ್ನೂ ತಿರುಗಿಸದೆ ಬಿದ್ದು, ಆ ಶಕ್ತಿಯೆಲ್ಲ ಅದರಲ್ಲೇ ಶಾಖವಾಗಿ ಉಳಿದರೆ? ಒಂದು ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾದೀತು, ಅಷ್ಟೇ!

ಡೊಂಬಿವಲಿಯಲ್ಲಿರುವ ಅಕ್ಕನ ಮಗಳು ನಿನ್ನೆ ಕೇಳಿದಳು: “ಮಾವ, ಎತ್ತರವನ್ನು ಖೋಪೋಲಿಯಿಂದ ಅಳೆಯಬೇಕೋ, ಸಮುದ್ರಮಟ್ಟದಿಂದಲೋ?”

ಎಂಥ ಪ್ರಶ್ನೆ! ಎಲ್ಲಿಂದ ಅಳೆದರೂ ಸರಿ. ಒಟ್ಟು ಶಕ್ತಿಯ ಅಂಕಿ ಬದಲಾಗುತ್ತದೆ, ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ವ್ಯತ್ಯಾಸ ಬದಲಾಗುವುದಿಲ್ಲ. ಟರ್ಬೈನಿಗೆ ಬೇಕಾದದ್ದು ಆ ವ್ಯತ್ಯಾಸ ಮಾತ್ರ. ಇನ್ನೊಂದು ಮಾತು: ಈ ಸ್ಥಿತಿಶಕ್ತಿ ನೀರೊಂದರದ್ದಲ್ಲ, ನೀರು ಮತ್ತು ಭೂಮಿ ಎರಡೂ ಸೇರಿದ ವ್ಯವಸ್ಥೆಯದ್ದು. ಮಕ್ಕಳಿಗೆ ಇದನ್ನು ಸೂತ್ರಕ್ಕಿಂತ ಮೊದಲೇ ಹೇಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಳವೆಯ ಗೋಡೆಯ ಘರ್ಷಣೆಯಲ್ಲಿ ಎಷ್ಟು ಪಾಲು ಹೋಗುತ್ತದೆ ಎಂಬ ಲೆಕ್ಕಕ್ಕೆ ಅವಳೀಗ ಕುಳಿತಿದ್ದಾಳೆ.