ಪಂತಾನಿ ಮತ್ತು ಚಿಕ್ಕಪ್ಪನ ಕಾಫಿ ಮೂಟೆ

ಸಂಪಾಜೆಯಿಂದ ಮಡಿಕೇರಿಗೆ ಸೈಕಲ್ ಹತ್ತಿಸುವಾಗ ಕೊಯನಾಡು ದಾಟುವವರೆಗೆ ನಾನು ಶೂರ. ದೇವರಕೊಲ್ಲಿಯಲ್ಲಿ ಮಾತು ನಿಲ್ಲುತ್ತದೆ. ಜೋಡುಪಾಲದಲ್ಲಿ ಬಸ್ಸಿನವನು ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯಲೂ ತ್ರಾಣ ಇರುವುದಿಲ್ಲ. ಕಳೆದ ಭಾನುವಾರ ಮಳೆ ಬೇರೆ. ಒಂದು ತಿರುವಿನಲ್ಲಿ ನಿಂತು ಮಳೆಕೋಟು ಹಾಕಿಕೊಳ್ಳಲು ಹೋದೆ. ಮರಗಟ್ಟಿದ ಬೆರಳಿಗೆ ಜಿಪ್ಪೇ ಸಿಗಲಿಲ್ಲ. ಆಗ ಇಟಲಿಯ ಸೈಕಲ್ ರೇಸುಗಾರ ಮಾರ್ಕೊ ಪಂತಾನಿ ನೆನಪಾದ.

ಅವನೂ ಹೀಗೇ ನಿಂತಿದ್ದ, 1998ರ ಜುಲೈ 27ರಂದು. ಟೂರ್ ಡಿ ಫ್ರಾನ್ಸ್, ಗಾಲಿಬಿಯೆ ಅನ್ನುವ ಬೆಟ್ಟ. 2,600 ಮೀಟರಿಗಿಂತ ಎತ್ತರ, ಅಂದರೆ ನಮ್ಮ ತಲಕಾವೇರಿಯ ಎರಡರಷ್ಟು. ಕೊರೆಯುವ ಚಳಿ, ಮಳೆ. ಅಲ್ಲಿವರೆಗಿನ ದಿನಗಳ ಒಟ್ಟು ಸಮಯದಲ್ಲಿ ಜರ್ಮನಿಯ ಯಾನ್ ಉಲ್ರಿಚ್ ಮೂರು ನಿಮಿಷ ಮುಂದಿದ್ದ. ಏರಿನಲ್ಲಿ ಪಂತಾನಿ ಎಲ್ಲರನ್ನೂ ಬಿಟ್ಟು ಹೊರಟ. ಮೇಲೆ ಹೋಗಿ ನಿಂತು ಕೋಟು ಹಾಕಿಕೊಂಡು ಇಳಿದ. ಸಾಯಂಕಾಲ ಉಲ್ರಿಚ್ ಗುರಿ ಮುಟ್ಟುವಷ್ಟರಲ್ಲಿ ಪಂತಾನಿ ಬಂದು ಹತ್ತಿರಹತ್ತಿರ ಒಂಬತ್ತು ನಿಮಿಷ ಆಗಿತ್ತು. ಆ ವರ್ಷ ಇಟಲಿಯ ದೊಡ್ಡ ರೇಸು ಜಿರೊ, ಫ್ರಾನ್ಸಿನ ಟೂರ್ ಎರಡೂ ಅವನದೇ. ಅದಾದ ಮೇಲೆ ಒಂದೇ ವರ್ಷ ಎರಡನ್ನೂ ಗೆಲ್ಲುವುದು ಮತ್ತೊಬ್ಬನಿಗೆ ಸಾಧ್ಯವಾಗಿದ್ದು 2024ರಲ್ಲಿ, ಸ್ಲೊವೇನಿಯಾದ ಪೊಗಾಚಾರ್‌ಗೆ.

ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ. ಬೇರೆಯವರು ಏರಿನಲ್ಲಿ ಹ್ಯಾಂಡಲಿನ ಮೇಲ್ಭಾಗ ಹಿಡಿದು ಕೂತು ತುಳಿದರೆ ಇವನು ಕೆಳಗಿನ ಕೊಂಬು ಹಿಡಿದು, ಸೀಟಿನಿಂದ ಎದ್ದು, ಇಳಿಜಾರಿನಲ್ಲಿ ಹೋಗುವವನಂತೆ ಹತ್ತುತ್ತಾನೆ. ಬೋಳು ತಲೆ, ಅದಕ್ಕೊಂದು ಬಟ್ಟೆ, ಕಿವಿಗೆ ರಿಂಗು. ಜನ ಇಟ್ಟ ಹೆಸರು ಕಡಲ್ಗಳ್ಳ. ಅದಕ್ಕೂ ಮೊದಲು ಅಗಲ ಕಿವಿ ನೋಡಿ ಆನೆಮರಿ ಅನ್ನುತ್ತಿದ್ದರಂತೆ. ಚೆಸೆನಾಟಿಕೊ ಅನ್ನುವ ಕಡಲೂರಿನ ಹುಡುಗ. ತಾಯಿ ಅಲ್ಲಿ ಪಿಯಾದೀನ ಅನ್ನುವ ರೊಟ್ಟಿ ಮಾರುತ್ತಿದ್ದರು.

ಇನ್ನು ನಮ್ಮ ಚಿಕ್ಕಪ್ಪ. ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಮಾರಲು ಹೋದಾಗ ವ್ಯಾಪಾರಿ ಮೂಟೆಯಿಂದ ಒಂದು ಹಿಡಿ ತೆಗೆದು ಮೀಟರಿಗೆ ಹಾಕಿ ತೇವ ನೋಡುತ್ತಾನೆ. ಶೇಕಡ 11 ಬಂದರೆ ಪೂರ್ತಿ ರೇಟು. ಮೇಲೆ ಹೋದರೆ ಕಡಿತ. ಕಣದಲ್ಲಿ ಚೆನ್ನಾಗಿ ಒಣಗಿಸಿ 9ಕ್ಕೆ ತಂದವನಿಗೆ ತೂಕ ಇಳಿದು ನಷ್ಟ. ಅದಕ್ಕೇ ಮಾರುವ ಹಿಂದಿನ ರಾತ್ರಿ ಚಿಕ್ಕಪ್ಪ ಸ್ವಲ್ಪ ನೀರು ಚಿಮುಕಿಸಿ ಟಾರ್ಪಾಲು ಮುಚ್ಚುತ್ತಿದ್ದರು. ಟಾರ್ಚ್ ಹಿಡಿಯುತ್ತಿದ್ದವನು ನಾನೇ. "ಎಲ್ಲರೂ ಹಾಕ್ತಾರೆ ಮಗ, ನಾವು ಹಾಕದಿದ್ರೆ ನಾವೇ ಪೆದ್ದರು" ಅನ್ನುತ್ತಿದ್ದರು.

ಸೈಕಲ್ ಜಗತ್ತಿನಲ್ಲೂ ಆಗ ಇದೇ ಕಥೆ. ಇಪಿಒ ಅಂತ ಔಷಧ. ಕಿಡ್ನಿ ರೋಗಿಗಳಿಗೆ ಕೊಡುವಂಥದ್ದು. ಚುಚ್ಚಿಕೊಂಡರೆ ಕೆಂಪು ರಕ್ತಕಣ ಜಾಸ್ತಿಯಾಗಿ ದೇಹಕ್ಕೆ ಹೆಚ್ಚು ಆಮ್ಲಜನಕ ಸಿಗುತ್ತದೆ. ಅದನ್ನು ನೇರವಾಗಿ ಹಿಡಿಯುವ ಪರೀಕ್ಷೆ ಆಗ ಇರಲಿಲ್ಲ. ಹಾಗಾಗಿ 1997ರಲ್ಲಿ ಒಂದು ಗೆರೆ ಎಳೆದರು: ರಕ್ತದಲ್ಲಿ ಕೆಂಪುಕಣದ ಪಾಲು ಶೇಕಡ 50 ದಾಟಿದರೆ ಎರಡು ವಾರ ಮನೆಗೆ. ಗೆರೆ ಎಳೆದದ್ದೇ ತಡ, ಸಹಜವಾಗಿ 43 ಇದ್ದವನೂ 49ಕ್ಕೆ ಬಂದು ನಿಂತ. 9 ಇದ್ದ ಕಾಫಿ 11ಕ್ಕೆ ಬಂದ ಹಾಗೆ.

1999ರ ಜೂನ್ 5. ಜಿರೊ ಮುಗಿಯಲು ಎರಡೇ ದಿನ. ಪಂತಾನಿ ಐದು ನಿಮಿಷಕ್ಕಿಂತ ಜಾಸ್ತಿ ಮುಂದಿದ್ದ. ಬೆಳಿಗ್ಗೆ ಹೋಟೆಲಿಗೆ ಬಂದು ರಕ್ತ ತೆಗೆದರು. 52. ಪೊಲೀಸರ ನಡುವೆ ಹೊರಗೆ ಬಂದ. ಅಲ್ಲಿಗೆ ಮುಗಿಯಿತು.

ತನ್ನನ್ನು ಬೇಕೆಂದೇ ಸಿಕ್ಕಿಸಿದರು ಅಂತ ಅವನು ಕೊನೆವರೆಗೂ ನಂಬಿದ್ದ. ನನಗೂ ನಂಬುವ ಆಸೆ ಇತ್ತು, ಸುಳ್ಳು ಯಾಕೆ? ಆದರೆ 1995ರ ಅಪಘಾತದಲ್ಲಿ ಕಾಲು ಮುರಿದು ಆಸ್ಪತ್ರೆ ಸೇರಿದಾಗಲೇ ಅವನ ನಂಬರು 60 ದಾಟಿತ್ತು. 2013ರಲ್ಲಿ ಫ್ರಾನ್ಸಿನ ಸೆನೆಟ್ ವರದಿ ಬಂದಾಗ ಅವನ 1998ರ ಸ್ಯಾಂಪಲ್‌ಗಳಲ್ಲಿ ಇಪಿಒ ಇತ್ತು ಅಂತಲೂ ಗೊತ್ತಾಯಿತು. ಉಲ್ರಿಚ್‌ನದ್ದರಲ್ಲೂ! ಅಂದರೆ ಗಾಲಿಬಿಯೆಯಲ್ಲಿ ಇಬ್ಬರದ್ದೂ ಒದ್ದೆ ಮೂಟೆಯೇ. ಹಾಗಂತ ಆ ವಿಡಿಯೊ ಬಂದರೆ ತಳ್ಳಿ ಮುಂದೆ ಹೋಗಲು ನನಗೆ ಈಗಲೂ ಆಗುವುದಿಲ್ಲ.

ಭಾನುವಾರ ಒದ್ದೆ ಬಟ್ಟೆಯಲ್ಲೇ ಚಿಕ್ಕಪ್ಪನ ಮನೆಗೆ ಹೋದೆ. ಒಲೆಯ ಪಕ್ಕ ಕೂತು ಬೆಲ್ಲದ ಕಾಫಿ ಕುಡಿಯುತ್ತಾ ಇದನ್ನೆಲ್ಲ ಹೇಳಿದೆ. ಪರೀಕ್ಷೆಗೆ ಮೊದಲು ಸಲೈನ್ ಹಾಕಿಸಿಕೊಂಡು ನಂಬರು ಇಳಿಸುತ್ತಿದ್ದವರೂ ಇದ್ದರು ಅಂದೆ. ಇಲ್ಲಿ ಲೆಕ್ಕ ಉಲ್ಟಾ ಅಲ್ವಾ, ನೀರು ಸೇರಿದರೆ ನಂಬರು ಕಮ್ಮಿ. ಚಿಕ್ಕಪ್ಪನಿಗೆ ತಕ್ಷಣ ಅರ್ಥವಾಯಿತು.

"ಹಂಗಾದ್ರೆ ಇವನಿಗೆ ನೀರು ಸಾಕಾಗ್ಲಿಲ್ಲ" ಅಂತ ಜೋರಾಗಿ ನಕ್ಕರು. "ಆಮೇಲೆ?"

ಆಮೇಲೆ ಕೊಕೇನು. 2004ರ ಫೆಬ್ರವರಿ 14ರಂದು ರಿಮಿನಿಯ ಹೋಟೆಲ್ ರೂಮಿನಲ್ಲಿ ಒಬ್ಬನೇ ಸತ್ತು ಬಿದ್ದಿದ್ದ. 34 ವರ್ಷ. ತನ್ನ ಊರಿನ ಹತ್ತಿರವೇ.

ಚಿಕ್ಕಪ್ಪ ಲೋಟ ಕೆಳಗಿಟ್ಟರು.

"ಆಗ ಅವನ ತಾಯಿ ಇದ್ರಾ?"

ಇದ್ದರು ಅಂದೆ. ಚಿಕ್ಕಪ್ಪ ಮತ್ತೇನೂ ಕೇಳಲಿಲ್ಲ. ನನ್ನ ಮಳೆಕೋಟು ತೆಗೆದುಕೊಂಡು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು.