ಕೇಳ್ತದೆ ಮಗಾ, ಗೊತ್ತಾಗುದಿಲ್ಲ

"ಕೇಳ್ತದೆ ಮಗಾ, ಗೊತ್ತಾಗುದಿಲ್ಲ" ಅಂದರು ಅಜ್ಜಿ. ಪಕ್ಕದಲ್ಲಿದ್ದ ಮೊಮ್ಮಗ ಅದನ್ನು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: "ಸುನಾಯೀ ದೇತಾ ಹೈ", ಕೇಳಿಸುತ್ತದೆ ಅಂತ. ಉಳಿದರ್ಧ ಅಲ್ಲೇ ಬಿದ್ದುಹೋಯಿತು. ಸೋಮವಾರ ಮುಂಬಯಿಯಲ್ಲಿ, ಕಿವಿ ಪರೀಕ್ಷೆ ಮಾಡುವುದನ್ನು ನಾನು ಕಲಿಸುವ ಒಂದು ತರಬೇತಿ ಕ್ಲಿನಿಕ್ಕಿನಲ್ಲಿ ಕೇಳಿದ ಮಾತು, ವಾರವಿಡೀ ಬಿಟ್ಟು ಹೋಗಿಲ್ಲ.

ಪರೀಕ್ಷೆ ಮಾಡಿದವಳು ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ಮಾತಿನ ಚಿಕಿತ್ಸೆಯ ಪದವಿ) ಮೂರನೇ ವರ್ಷದ ಮರಾಠಿ ಹುಡುಗಿ. ಶ್ರದ್ಧೆಯವಳು. ಬೆಂಡೋಲೆ, ಕನ್ನಡಕ ತೆಗೆಸಿ, ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಎಂದು ಹೆಡ್‌ಫೋನ್ ಕೂರಿಸಿದಳು. 1000 ಹರ್ಟ್ಸ್‌ ಆವರ್ತನದ ಸದ್ದಿನಿಂದ ಶುರು. ಕೇಳಿಸಿದರೆ 10 ಡೆಸಿಬೆಲ್ ಇಳಿಸಬೇಕು, ಕೇಳಿಸದಿದ್ದರೆ 5 ಏರಿಸಬೇಕು. ಏರಿಸುವಾಗ ಮೂರರಲ್ಲಿ ಎರಡು ಸಲ ಕೈ ಎತ್ತಿದ ಅತಿ ಕಡಿಮೆ ಮಟ್ಟವೇ ಹೊಸ್ತಿಲು. ಇಲ್ಲಿ ಎಡವಿದ್ದು ಒಂದೇ ಕಡೆ: ಸದ್ದು ಕೇಳಿಸುವ ಗುಂಡಿಯನ್ನು ಗಡಿಯಾರದ ಹಾಗೆ ಒತ್ತುತ್ತಿದ್ದಳು. ಹಾಗೆ ಒತ್ತಿದರೆ ಸದ್ದು ಕೇಳದಿದ್ದರೂ ತಾಳಕ್ಕೆ ಕೈ ಏಳುತ್ತದೆ. ನಡುವಿನ ಬಿಡುವನ್ನು ಏರುಪೇರು ಮಾಡಿ ಮತ್ತೆ ನೋಡಿದಾಗ 500, 1000, 2000ರ ಸರಾಸರಿ 35 ಡೆಸಿಬೆಲ್, 4000ದಲ್ಲಿ 60.

ಆಮೇಲೆ ಮಾತಿನ ಪರೀಕ್ಷೆ, ಮರಾಠಿ ಪದಗಳಲ್ಲಿ. ಅರ್ಧದಷ್ಟು ಪದಗಳನ್ನು ಸರಿಯಾಗಿ ತಿರುಗಿ ಹೇಳುವ ಅತಿ ಕಡಿಮೆ ಮಟ್ಟ ಇಲ್ಲಿ ಹೊಸ್ತಿಲು. ಅದು 60 ಬಂತು. ಸರಾಸರಿಗೂ ಇದಕ್ಕೂ 10 ಡೆಸಿಬೆಲ್‌ಗಿಂತ ಹೆಚ್ಚು ಅಂತರ ಬಂದರೆ ಅನುಮಾನಪಡಬೇಕೆಂದು ಪಾಠದಲ್ಲಿದೆ. ಹುಡುಗಿ ಅಜ್ಜಿಯ ಮೇಲೇ ಅನುಮಾನಪಟ್ಟು "ಉತ್ತರ ನಂಬುವಂತಿಲ್ಲ" ಎಂದು ಬರೆದಳು. ನನಗೆ ನೋವಾದದ್ದು ಅಲ್ಲಿ. ಕಾರ್ಕಳದಿಂದ ಬಂದು ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವವರಿಗೆ ಮರಾಠಿ ತರಕಾರಿ ಕೊಳ್ಳುವಷ್ಟು ಬರುತ್ತದೆ. ಮೆಲುದನಿಯಲ್ಲಿ ಹಿಡಿಯಬೇಕಾದರೆ ಆ ಪದ ಬಾಯಲ್ಲಿ ಪಳಗಿದ್ದಿರಬೇಕು.

ಹಾಗಾದರೆ ಕನ್ನಡ ಪದಗಳ ಪಟ್ಟಿಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಓದುತ್ತೇನೆ ಎಂದಳು. ಬೇಡವೆಂದೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. "ಕೊಡು" ಅವಳ ಬಾಯಲ್ಲಿ "ಕೋಡು" ಆಗುತ್ತದೆ. ತಪ್ಪು ಅವಳದು, ಅಂಕ ಕಳೆಯುವುದು ಅಜ್ಜಿಯದು. ಕನ್ನಡಿಗರೇ ಓದಿದ ಧ್ವನಿಮುದ್ರಣ ಹಾಕಿದೆವು. ಹೊಸ್ತಿಲು 40ಕ್ಕೆ ಇಳಿಯಿತು.

ಹಾಗಂತ ಕಿವಿ ಸರಿಯಿದೆ ಎಂದಲ್ಲ. ದನಿ ಏರಿಸಿ 25 ಪದಗಳ ಪಟ್ಟಿ ಕೇಳಿಸಿದಾಗ "ಸೊಪ್ಪು" ಎಂದರೆ ಅಜ್ಜಿ "ಒಪ್ಪು" ಅಂದರು, "ಕಾಲು" ಎಂದರೆ "ಹಾಲು". ಸ್ವರಗಳ ಬಲ ಕೆಳಗಿನ ಆವರ್ತನಗಳಲ್ಲಿ. ಅಲ್ಲಿ ಅಜ್ಜಿಯ ಕಿವಿ ಅಷ್ಟಾಗಿ ಮಂದವಾಗಿಲ್ಲ. "ಸ" ಇರುವುದು 4000ದ ಆಸುಪಾಸು ಮತ್ತು ಅದಕ್ಕೂ ಮೇಲೆ, ವಯಸ್ಸು ಮೊದಲು ಕೈ ಹಾಕುವ ಜಾಗದಲ್ಲಿ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಬಾಲ ಕೇಳಿಸುತ್ತದೆ, ತಲೆ ಜಾರುತ್ತದೆ. ಕೇಳ್ತದೆ, ಗೊತ್ತಾಗುದಿಲ್ಲ. ಇದಕ್ಕಿಂತ ಚೊಕ್ಕವಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ.

ಮೊಮ್ಮಗ ಒಳ್ಳೆಯ ಹುಡುಗನೇ, ರಜೆ ಹಾಕಿ ಕರೆತಂದಿದ್ದ. ಆದರೆ ಮನೆಯವರು ಅನುವಾದಿಸುವಾಗ ಮೊಟಕು ಮಾಡುತ್ತಾರೆ, ಎಲ್ಲ ಕಡೆಯೂ. ಅದು ಕಲಿಸುವವರಿಗೆ ಗೊತ್ತಿರಬೇಕು. ನಾಲ್ಕು ವರ್ಷದ ಕೋರ್ಸಿನಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಈ ಊರಲ್ಲಿ ಅದು ಹತ್ತು ಭಾಷೆಗಳ ನಡುವೆ ಕಳೆಯುತ್ತದೆ. "ಕನ್ನಡದವರಾ?" ಎಂದು ಕೇಳಿದರೂ ಸಾಲದು, ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತುಳು. ಚಿಕ್ಕಂದಿನಿಂದ ಮನೆಯಲ್ಲಿ ಯಾವ ಭಾಷೆ, ಈಗ ದಿನವಿಡೀ ಯಾವುದು, ಎರಡನ್ನೂ ಹೆಡ್‌ಫೋನ್ ಮುಟ್ಟುವ ಮೊದಲೇ ಕೇಳಬೇಕು.

ಹುಡುಗಿ ಮೊದಲು ಬರೆದದ್ದನ್ನು ಹೊಡೆದುಹಾಕಿದಳು. ಅಜ್ಜಿಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು, ಅಕ್ಷರ ಬಿಡದೆ, ದೇವನಾಗರಿಯಲ್ಲಿ ಕೇಸ್ ಶೀಟಿನ ಮೊದಲ ಸಾಲಿಗೆ ಇಳಿಸಿದಳು. ಎರಡೂ ಅರ್ಧ.